ಸೈಟ್ ನಾಲ್ಕರ ಇಲಿಜ್ವರ

ಹರಿಹರದ ಆಸ್ಪತ್ರೆಯಲ್ಲಿ ಜ್ವರದ ರೋಗಿಯಿಂದ ತೆಗೆದ ರಕ್ತ ಎಷ್ಟು ಹೊತ್ತಿನೊಳಗೆ ದಾವಣಗೆರೆಯ ನಮ್ಮ ಲ್ಯಾಬ್ ತಲುಪಬೇಕು, ಎಷ್ಟು ತಣ್ಣಗಿರಬೇಕು, ಯಾವ ಬಣ್ಣದ ಮುಚ್ಚಳದ ಟ್ಯೂಬಿನಲ್ಲಿರಬೇಕು ಎಂಬುದೆಲ್ಲ ಒಪ್ಪಂದದಲ್ಲಿತ್ತು. ಆ ರಕ್ತದಲ್ಲಿ ಏನು ಸಿಕ್ಕಿತು ಎಂಬುದನ್ನು ಹರಿಹರಕ್ಕೆ ಯಾರು, ಯಾವಾಗ ತಿಳಿಸಬೇಕು ಎಂಬುದು ಎಲ್ಲೂ ಇರಲಿಲ್ಲ. ಸಹಿ ಬೀಳುವ ಮೊದಲೇ ನಾನು ಅದನ್ನು ಕೇಳಿದ್ದೆ. ಎಲ್ಲ ಸೈಟ್‌ಗಳಿಗೂ ಇದೇ ಒಪ್ಪಂದ, ಒಬ್ಬರಿಗಾಗಿ ಬದಲಿಸಲು ಬರುವುದಿಲ್ಲ ಎಂದು ಉತ್ತರ ಬಂದಿತ್ತು. ಆಗ ನನಗೆ ಬಂದ ಸಿಟ್ಟು ಸಣ್ಣದು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಅದು ಎಷ್ಟಾಯಿತೆಂದರೆ, ಇವತ್ತಿಗೂ ಯಾರಾದರೂ ವೇದಿಕೆಯ ಮೇಲೆ ನಿಂತು 'ಸಾಂಕ್ರಾಮಿಕ ಸನ್ನದ್ಧತೆ' ಎಂದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ.

ನಾನು ದಾವಣಗೆರೆಯ ವೈದ್ಯಕೀಯ ಕಾಲೇಜೊಂದರ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿದ್ದೇನೆ. ಆ ಒಪ್ಪಂದ ಒಂದು ಸಂಶೋಧನಾ ಯೋಜನೆಯದು; ಮುಂದೊಮ್ಮೆ ಬರಬಹುದಾದ ಮಹಾಮಾರಿಗೆ ಜಗತ್ತನ್ನು ಸಿದ್ಧಗೊಳಿಸುವುದು ಅದರ ಗುರಿ. ವಿದೇಶದ ವಿಶ್ವವಿದ್ಯಾಲಯವೊಂದು ಯೋಜನೆಯ ಮುಂದಾಳು, ದಿಲ್ಲಿಯ ಸಂಸ್ಥೆಯೊಂದು ಸಂಯೋಜಕ, ದೇಶದ ಬೇರೆ ಬೇರೆ ಕಡೆಯ ಕಾಲೇಜುಗಳು ಪಾಲುದಾರರು. ಪಾಲುದಾರರು ಎಂಬುದು ಕಾಗದದ ಮಾತು. ಸಭೆಗಳಲ್ಲಿ ನಮ್ಮನ್ನು ಸೈಟ್ ಎನ್ನುತ್ತಿದ್ದರು. ನಮ್ಮದು ಸೈಟ್ ನಾಲ್ಕು. ದಿಲ್ಲಿ ಸಂಸ್ಥೆಯ ಪರವಾಗಿ ಸಭೆ ನಡೆಸುತ್ತಿದ್ದ, ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಲು ಬಾರದ ಸಂಯೋಜಕರು, "ಸೈಟ್ ನಾಲ್ಕು, ನಿಮಗೆ ಕೇಳಿಸುತ್ತಿದೆಯೇ?" ಎಂದು ಕೇಳಿದಾಗ ನಾನೂ ಕೆಲವು ತಿಂಗಳು "ಕೇಳಿಸುತ್ತಿದೆ" ಎಂದೇ ಉತ್ತರಿಸಿದ್ದೆ.

ಯೋಜನೆಯಿಂದ ನಮಗೆ ಒಂದು ಒಳ್ಳೆಯ ಫ್ರೀಜರ್ ಬಂತು. ಶೂನ್ಯಕ್ಕಿಂತ ಎಂಬತ್ತು ಡಿಗ್ರಿ ಕೆಳಗೆ ತಂಪು ಹಿಡಿಯುವಂಥದ್ದು. ರೋಗಾಣುವಿನ ವಂಶವಾಹಿಯನ್ನು ಓದುವ ಯಂತ್ರವೂ, ಅದನ್ನು ನಡೆಸುವ ತರಬೇತಿಯೂ ಎರಡನೇ ಹಂತದಲ್ಲಿ ಬರುತ್ತವೆ ಎಂದಿದ್ದರು. ಆ ಎರಡನೇ ಹಂತ ಪ್ರತಿ ಸಭೆಯಲ್ಲೂ ಒಂದಿಷ್ಟು ಮುಂದಕ್ಕೆ ಹೋಗುತ್ತಿತ್ತು.

ಕೆಲಸದ ಕ್ರಮ ಹೀಗಿತ್ತು. ನಮ್ಮ ಲ್ಯಾಬ್ ಟೆಕ್ನಿಷಿಯನ್ ಹರಿಹರದವನು. ಬೆಳಿಗ್ಗೆ ಮನೆಯಿಂದ ಹೊರಟು ಅಲ್ಲಿನ ಆಸ್ಪತ್ರೆಯ ಜ್ವರ ವಿಭಾಗದಲ್ಲಿ ಕುಳಿತು, ಹೊಸ ರೋಗಿಗಳಿಗೆ ಯೋಜನೆಯ ವಿಷಯ ಓದಿ ಹೇಳಿ, ಒಪ್ಪಿದವರಿಂದ ರಕ್ತ ತೆಗೆದು, ಐಸ್ ಬಾಕ್ಸಿನಲ್ಲಿಟ್ಟುಕೊಂಡು ದಾವಣಗೆರೆಗೆ ತರುತ್ತಿದ್ದ. ನಾವು ಅದನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಸೀರಂ ಬೇರ್ಪಡಿಸಿ, ಪ್ರತಿ ಮಾದರಿಯನ್ನು ಎರಡು ಪಾಲು ಮಾಡುತ್ತಿದ್ದೆವು. ಒಂದು ಪಾಲು ಡ್ರೈ ಐಸಿನಲ್ಲಿ ಕೂತು ದಿಲ್ಲಿಗೆ. ಇನ್ನೊಂದು, ಕಾಯ್ದಿಟ್ಟ ಪಾಲು, ನಮ್ಮ ಫ್ರೀಜರಿಗೆ. ಆ ಪಾಲನ್ನು ನಾವು ಮುಟ್ಟುವಂತಿರಲಿಲ್ಲ. ಸೈಟ್‌ಗಳು ತಮ್ಮ ತಮ್ಮ ಕಿಟ್‌ಗಳಲ್ಲಿ ಪರೀಕ್ಷೆ ಮಾಡತೊಡಗಿದರೆ ದತ್ತಾಂಶದ ಏಕರೂಪತೆ ಕೆಡುತ್ತದೆಯಂತೆ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಡಿ. ಮಾಡಿದವಳು ರಕ್ತವನ್ನು ಸಣ್ಣ ಟ್ಯೂಬಿಗೆ ತುಂಬಿ, ಲೇಬಲ್ ಹಚ್ಚಿ, ಪಾರ್ಸಲ್ ಕಟ್ಟುತ್ತಿದ್ದೆ. ಕರೆಂಟ್ ಹೋದಾಗ ಜನರೇಟರ್ ಹತ್ತಿಕೊಳ್ಳುವವರೆಗೆ ಫ್ರೀಜರಿನ ಮುಂದೆ ನಿಂತು ತಾಪಮಾನ ನೋಡುವುದು ಕೂಡ ನನ್ನ ಸಂಶೋಧನೆಯ ಭಾಗವಾಗಿತ್ತು.

ಆ ವರ್ಷ ಭದ್ರಾ ನಾಲೆಗೆ ನೀರು ಬಿಟ್ಟು, ನಾಟಿ ಮುಗಿದು, ಕಳೆ ತೆಗೆಯುವ ಕೆಲಸ ಶುರುವಾಗಿತ್ತು. ಹರಿಹರದ ಆಸ್ಪತ್ರೆಯ ಫಿಜಿಷಿಯನ್ ಫೋನ್ ಮಾಡಿದರು. ಅವರು ಸುಮ್ಮಸುಮ್ಮನೆ ಫೋನ್ ಮಾಡುವವರಲ್ಲ.

"ಮೇಡಂ, ಈ ಸಲ ಜ್ವರ ಬ್ಯಾರೆ ಥರ ಐತೆ ನೋಡ್ರಿ. ಡೆಂಗಿ ನೆಗೆಟಿವ್, ಮಲೇರಿಯಾ ನೆಗೆಟಿವ್. ಕಣ್ಣು ಕೆಂಪಗಾಗಿರ್ತಾವ, ಮೀನಖಂಡ ಮುಟ್ಟಿದ್ರ ಚೀರ್ತಾರ. ಒಂದಿಬ್ರಿಗೆ ಕಾಮಾಲೆ ಬ್ಯಾರೆ ಕಾಣಕತ್ತೈತೆ. ಎಲ್ಲಾರೂ ಗದ್ದಿ ಕೆಲಸದವ್ರೇ."

ಅವರು ಏನು ಹೇಳುತ್ತಿದ್ದಾರೆಂದು ಇಬ್ಬರಿಗೂ ಗೊತ್ತಿತ್ತು. ಲೆಪ್ಟೊಸ್ಪೈರೋಸಿಸ್, ಜನರ ಬಾಯಲ್ಲಿ ಇಲಿಜ್ವರ. ಇಲಿಯ ಮೂತ್ರ ಗದ್ದೆಯ ನೀರಿಗೆ ಸೇರುತ್ತದೆ, ಕಾಲಿನ ಸಣ್ಣ ಗಾಯದ ಮೂಲಕ ರೋಗಾಣು ಒಳಗೆ ಹೋಗುತ್ತದೆ. ಮೊದಲೇ ಹಿಡಿದರೆ ಸಾಮಾನ್ಯ ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುತ್ತದೆ. ಬಿಟ್ಟರೆ ಕಿಡ್ನಿ, ಲಿವರ್, ಶ್ವಾಸಕೋಶ ಒಂದೊಂದಾಗಿ ಕೈಬಿಡುತ್ತವೆ. ಫಿಜಿಷಿಯನ್ ತಮ್ಮ ಕೈಗೆ ಸಿಕ್ಕವರಿಗೆ ಅನುಮಾನದ ಮೇಲೇ ಮಾತ್ರೆ ಕೊಡಲು ಶುರುಮಾಡಿದ್ದರು. ಆದರೆ ಎಲ್ಲರಲ್ಲೂ ಆ ಲಕ್ಷಣ ಮೊದಲೇ ಕಾಣುವುದಿಲ್ಲ. ಹೆಚ್ಚಿನವರು ಊರಲ್ಲೇ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು, ನೋವಿನ ಗುಳಿಗೆ ನುಂಗಿ ಮತ್ತೆ ಗದ್ದೆಗಿಳಿಯುತ್ತಿದ್ದರು. ಊರೂರಿಗೆ ತಿಳಿಸಬೇಕು, ಆಶಾ ಕಾರ್ಯಕರ್ತೆಯರ ಕೈಗೆ ಮಾತ್ರೆ ಕೊಡಬೇಕು ಎಂದರೆ ಜಿಲ್ಲೆಯ ಆದೇಶ ಬೇಕು. ಜಿಲ್ಲಾ ಸರ್ವೇಕ್ಷಣಾಧಿಕಾರಿಯನ್ನು ಕಂಡೆ. ಒಳ್ಳೆಯ ಮನುಷ್ಯ, ಆದರೆ ಕಾಗದಕ್ಕೆ ಅಂಜುವವರು.

"ನೀವು ಹೇಳೋದು ಖರೆ ಇರಬೋದ್ರಿ ಮೇಡಂ. ಲ್ಯಾಬ್ ಕನ್ಫರ್ಮೇಶನ್ ಕೊಡ್ರಿ. ಅದಿಲ್ದೆ ಇಲಿಜ್ವರ ಅಂತ ನಾ ಮೇಲಕ್ಕೆ ಹೆಂಗೆ ಬರೀಲಿ?"

ಕನ್ಫರ್ಮೇಶನ್ ದಿಲ್ಲಿಯಲ್ಲಿತ್ತು. ನಾವು ಕಳಿಸಿದ ಪ್ರತಿ ಪೆಟ್ಟಿಗೆಯನ್ನೂ ಅವರು ತಲುಪಿದ ಕೂಡಲೇ ಪಿಸಿಆರ್ ಮಾಡುತ್ತಿದ್ದರು, ಹತ್ತಾರು ರೋಗಾಣುಗಳಿಗೆ ಒಟ್ಟಿಗೆ. ಹಾಗೆಂದು ಅವರ ಕಾರ್ಯವಿಧಾನದಲ್ಲೇ ಇತ್ತು. ನಾನು ಮೇಲ್ ಬರೆದೆ. ಉತ್ತರವಿಲ್ಲ. ವಾರದ ಆನ್‌ಲೈನ್ ಸಭೆಯಲ್ಲಿ ಬಾಯಿಬಿಟ್ಟು ಕೇಳಿದೆ: ಹರಿಹರದ ಮಾದರಿಗಳಲ್ಲಿ ಇಲಿಜ್ವರದ ರೋಗಾಣು ಲೆಪ್ಟೊಸ್ಪೈರಾ ಇದೆಯೇ, ಇಲ್ಲವೇ? ಮಧ್ಯಂತರ ಫಲಿತಾಂಶಗಳನ್ನು ಸೈಟ್‌ಗಳೊಂದಿಗೆ ಹಂಚಿಕೊಳ್ಳುವುದಿಲ್ಲ, ನಿಮ್ಮ ಕಾಳಜಿಯನ್ನು ಗಮನಿಸಲಾಗಿದೆ ಎಂದರು ಸಂಯೋಜಕರು. ಮುಂದಿನ ವಾರವೂ ಕೇಳಿದೆ. ಮುಂದಿನ ವಾರವೂ ಗಮನಿಸಲಾಯಿತು.

ಈ ನಡುವೆಯೇ ಹರಿಹರದ ಬಳಿಯ ಸಾರಥಿ ಎಂಬ ಊರಿನ ಹೆಂಗಸೊಬ್ಬಳು ಬಂದದ್ದು. ಆ ದಿನ ನಾನೂ ಹರಿಹರದ ಜ್ವರ ವಿಭಾಗದಲ್ಲಿದ್ದೆ. ಮೂವತ್ತೈದರ ಆಸುಪಾಸಿನ, ಗಟ್ಟಿ ದನಿಯ ಹೆಣ್ಣುಮಗಳು. ಕಳೆ ತೆಗೆಯುವ ಹೆಂಗಸರ ಗುಂಪೊಂದನ್ನು ಆಕೆಯೇ ಕಟ್ಟಿಕೊಂಡು ಗದ್ದೆಗದ್ದೆಗೆ ಕರೆದೊಯ್ಯುತ್ತಿದ್ದಳು. ಹಿಂದಿನ ದಿನದಿಂದ ಜ್ವರ, ಮೈಕೈ ನೋವು, ಅಷ್ಟೇ. ಕಣ್ಣು ಕೆಂಪಾಗಿರಲಿಲ್ಲ. ಜೊತೆಗೆ ನಾದಿನಿಯೂ ಬಂದಿದ್ದಳು. ಟೆಕ್ನಿಷಿಯನ್ ಒಪ್ಪಿಗೆಯ ವಿಷಯವನ್ನೆಲ್ಲ ಓದಿ ಮುಗಿಸುವವರೆಗೆ ತಾಳ್ಮೆಯಿಂದ ಕೂತು, ತೋಳು ಚಾಚಿದಳು.

"ತಗೊಳ್ಳಪ್ಪ ತಗೋ. ಗದ್ದ್ಯಾಗ ಜಿಗಣಿ ಕೇಳ್ದೇನೇ ತಗೊಂತಾವ. ನೀನಾರ ಇಷ್ಟು ಕೇಳಿ ತಗೊಳ್ತೀಯಲ್ಲ."

ಸಾಲಿನಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಡೆಂಗಿ ನೆಗೆಟಿವ್ ಬಂತು. ಜ್ವರದ ಮಾತ್ರೆ ಕೊಟ್ಟು, ಕಡಿಮೆಯಾಗದಿದ್ದರೆ ಮತ್ತೆ ಬರಲು ಹೇಳಿ ಕಳಿಸಿದರು. ಆಕೆಯ ರಕ್ತ ಆ ವಾರದ ಪೆಟ್ಟಿಗೆಯಲ್ಲಿ ದಿಲ್ಲಿಗೆ ಹೋಯಿತು.

ಜ್ವರ ಕಡಿಮೆಯಾದಂತೆ ಮಾಡಿತು. ಆಕೆ ಮತ್ತೆ ಗದ್ದೆಗಿಳಿದಳು. ವಾರ ಕಳೆಯುವಷ್ಟರಲ್ಲಿ ದಾವಣಗೆರೆಯ ನಮ್ಮ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊತ್ತು ತಂದರು. ಕಣ್ಣು ಅರಿಶಿನ, ಮೂತ್ರ ನಿಂತುಹೋಗಿತ್ತು. ಡಯಾಲಿಸಿಸ್‌ಗೆ ಹಾಕಿದರು, ಪೆನ್ಸಿಲಿನ್ ಶುರುಮಾಡಿದರು. ಅಭಿಪ್ರಾಯ ಕೇಳಲು ಐಸಿಯುಗೆ ನನ್ನನ್ನು ಕರೆಸಿದಾಗ ಮೊದಲು ಗುರುತು ಹಿಡಿಯಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಾದಿನಿಯನ್ನು ಕಂಡಾಗ ಗೊತ್ತಾಯಿತು. ಆಕೆ ಎದ್ದು ನಿಂತಳು.

"ಮೇಡಂ, ಅವತ್ತು ರಕ್ತ ತಗೊಂಡ್ರಲ್ರಿ, ಅದರಾಗ ಏನ್ ಬಂತ್ರಿ?"

"ಇನ್ನೂ ಬಂದಿಲ್ಲಮ್ಮ," ಎಂದೆ.

"ಇಷ್ಟ್ ದಿನಾತಲ್ರಿ?"

ಮರುದಿನ ಶ್ವಾಸಕೋಶದಲ್ಲಿ ರಕ್ತ ಒಸರತೊಡಗಿತು. ಅದರ ಮರುದಿನ ಆಕೆ ತೀರಿಹೋದಳು. ಗೂಡ್ಸ್ ಆಟೋ ಓಡಿಸುವ ಗಂಡ ಹೆಂಡತಿಯ ದೇಹವನ್ನು ತನ್ನ ಆಟೋದಲ್ಲಿ ಒಯ್ಯುವುದಿಲ್ಲ ಎಂದು ಹಟ ಹಿಡಿದು ಆಸ್ಪತ್ರೆಯ ಅಂಗಳದಲ್ಲಿ ಕೂತುಬಿಟ್ಟ. ಆ ಆಟೋದಲ್ಲಿ ನಾಳೆ ಹೆಂಗೆ ಕುಂದ್ರಲಿ ಎಂದು ಅಳುತ್ತಿದ್ದ. ನಮ್ಮ ಟೆಕ್ನಿಷಿಯನ್ ಓಡಾಡಿ ಆಂಬುಲೆನ್ಸ್ ಹೊಂದಿಸಿದ.

ಯೋಜನೆಯ ವಾರ್ಷಿಕ ಸಭೆ ನಡೆದದ್ದು ಅದೇ ವಾರ. ಆನ್‌ಲೈನ್ ಸಭೆ. ನನ್ನ ಕೋಣೆಯಲ್ಲಿ ಕೂತು ನೋಡುತ್ತಿದ್ದೆ. ವಿದೇಶದ ಪ್ರಾಧ್ಯಾಪಕರು, ಯೋಜನೆಯ ಮುಖ್ಯಸ್ಥರು, ಭಾರತದ ನಕ್ಷೆ ತೋರಿಸಿದರು. ಕೆಲವು ಕಡೆ ಹಸಿರು ಚುಕ್ಕೆ, ಕೆಲವು ಕಡೆ ಹಳದಿ. ಕರ್ನಾಟಕದ ನಡುಮಧ್ಯೆ ದಪ್ಪನೆಯ ಕೆಂಪು ಚುಕ್ಕೆ. ಸೈಟ್ ನಾಲ್ಕು, ಲೆಪ್ಟೊಸ್ಪೈರಾ. ಇಷ್ಟು ಸುಂದರವಾದ, ಇಷ್ಟು ಸ್ಪಷ್ಟವಾದ ಸಿಗ್ನಲ್ ಯಾವ ಸೈಟ್‌ನಿಂದಲೂ ಬಂದಿಲ್ಲ ಎಂದು ಅವರು ಮೆಚ್ಚಿಕೊಂಡರು. ಪರದೆಯ ಮೇಲೆ ಯಾರೋ ಚಪ್ಪಾಳೆಯ ಚಿತ್ರ ಹಾಕಿದರು.

ಮೈಯೆಲ್ಲ ಉರಿದುಹೋಯಿತು. ಸುಂದರ ಎಂಬ ಪದವನ್ನು ಆ ಮನುಷ್ಯ ನಮ್ಮ ಐಸಿಯುವಿನ ಬಾಗಿಲಲ್ಲಿ ನಿಂತು ಹೇಳಲಿ ಎನಿಸಿತು. ಮೈಕ್ ತೆರೆದು ಕೇಳಿದೆ. "ಇದು ನಿಮಗೆ ಯಾವಾಗ ಗೊತ್ತಾಯಿತು?"

ಪ್ರಾಧ್ಯಾಪಕರು ಬಾಯಿ ತೆರೆಯುವ ಮೊದಲೇ ಸಂಯೋಜಕರು ನಡುವೆ ಬಂದರು. ಸಮಯ ಕಡಿಮೆ ಇದೆ, ಸೈಟ್ ನಾಲ್ಕರ ಪ್ರಶ್ನೆಯನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳೋಣ ಎಂದರು. ನಕ್ಷೆ ಹೋಗಿ ಮುಂದಿನ ಸ್ಲೈಡ್ ಬಂತು.

ಸಭೆ ಮುಗಿದ ಮೇಲೆ ನಾನೇ ಸಂಯೋಜಕರಿಗೆ ಫೋನ್ ಮಾಡಿದೆ. ಆ ಫಲಿತಾಂಶವನ್ನು ಬರವಣಿಗೆಯಲ್ಲಿ ಕೊಡಿ, ಜಿಲ್ಲಾಡಳಿತಕ್ಕೆ ತೋರಿಸಬೇಕು ಎಂದೆ. ಅವರು ಸಮಾಧಾನದಿಂದಲೇ ವಿವರಿಸಿದರು. ಇದು ಸಂಶೋಧನೆಯ ಪರೀಕ್ಷೆ, ಚಿಕಿತ್ಸೆಗೆ ಬಳಸುವಂತಿಲ್ಲ. ಪ್ರಬಂಧ ಪ್ರಕಟವಾಗುವವರೆಗೆ ಹೊರಗೆ ಬಿಡುವಂತಿಲ್ಲ. ಬೇಗ ಬಿಟ್ಟರೆ ದೊಡ್ಡ ನಿಯತಕಾಲಿಕೆಗಳು ಒಪ್ಪುವುದಿಲ್ಲ.

"ಒಬ್ಬ ಹೆಂಗಸು ಸತ್ತಿದ್ದಾಳೆ," ಎಂದೆ.

"ಅದಕ್ಕೆ ವಿಷಾದವಿದೆ. ಆದರೆ ಈ ಯೋಜನೆ ಒಬ್ಬ ರೋಗಿಗಾಗಿ ಅಲ್ಲ, ಮುಂದಿನ ಮಹಾಮಾರಿಗಾಗಿ."

ನಾನು ಫೋನ್ ಇಟ್ಟುಬಿಟ್ಟೆ. ಮುಂದಿನ ಮಹಾಮಾರಿ ಬರುವವರೆಗೆ ಸಾರಥಿಯವರು ಸಾಯುತ್ತಾ ಕಾಯಬೇಕಿತ್ತು. ಸರ್ವೇಕ್ಷಣಾಧಿಕಾರಿಗೆ ನಕ್ಷೆಯ ಕಥೆ ಹೇಳಿದೆ. ಅವರು ಹಣೆ ಒತ್ತಿಕೊಂಡರು.

"ಚುಕ್ಕಿ ನೋಡ್ಕೊಂಡು ನಾ ಏನ್ ಬರೀಲ್ರಿ? ನಿಮ್ಮ ಲ್ಯಾಬಿನಿಂದಾನ ಒಂದು ರಿಪೋರ್ಟ್ ಕೊಟ್ಬಿಡ್ರಿ. ಸಂಜಿ ಒಳಗ ಕೆಲಸ ಶುರು ಮಾಡಲಿಲ್ಲಂದ್ರ ಆಮೇಲೆ ನನ್ನ ಬೈರಿ."

ಎಸ್.ಎಸ್. ಬಡಾವಣೆಯ ನನ್ನ ಮನೆಗೆ ನಡೆದುಕೊಂಡೇ ಹೋದೆ. ಮನೆ ಸೇರುವಷ್ಟರಲ್ಲಿ ನಿರ್ಧಾರ ಆಗಿತ್ತು. ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ನನ್ನ ಹಳೆಯ ಸಹಪಾಠಿ ಇದ್ದಾಳೆ. ಇಲಿಜ್ವರ ಪತ್ತೆಹಚ್ಚುವ ಎಲೈಸಾ ಎಂಬ ರಕ್ತಪರೀಕ್ಷೆಯ ಕಿಟ್ ಅಲ್ಲಿ ಸದಾ ಇರುತ್ತದೆ. ಫೋನ್ ಮಾಡಿದೆ. ಯಾಕೆ, ಏನು ಎಂದು ಆಕೆ ಕೇಳಲಿಲ್ಲ. ಮರುದಿನ ಟೆಕ್ನಿಷಿಯನ್ ಐಸ್ ಬಾಕ್ಸ್ ಹಿಡಿದು ಬಸ್ಸು ಹತ್ತಿ ಹೋಗಿ ಕಿಟ್ ತಂದ. ಕಾಯ್ದಿಟ್ಟ ಪಾಲಿನ ಪೆಟ್ಟಿಗೆಯನ್ನು ತೆರೆಯುವ ಮೊದಲು ಆತನಿಗೆ ಹೇಳಿದೆ, "ಇದು ಒಪ್ಪಂದ ಮುರಿಯೋ ಕೆಲಸ. ಮುರಿಯೋಳು ನಾನು. ನೀನು ಬೇಕಾದ್ರೆ ಇವತ್ತು ರಜ ಹಾಕು."

"ಅರೆ ಮೇಡಂ, ರಕ್ತ ತೆಗ್ದಿದ್ದು ನಾನು. ಆ ಅಕ್ಕನ ತೋಳು ಹಿಡ್ದಿದ್ದು ನಾನು. ರಜ ಹಾಕಿ ಮನ್ಯಾಗ ಕುಂತು ಏನ್ ಮಾಡ್ಲಿ?"

ಸೀರಂಗಳನ್ನು ಕರಗಿಸಿ, ತೆಳುಗೊಳಿಸಿ, ಪ್ಲೇಟಿನ ಗುಳಿಗಳಿಗೆ ಒಂದೊಂದಾಗಿ ಹಾಕಿದೆವು. ಇಡುವುದು, ತೊಳೆಯುವುದು, ಮತ್ತೆ ಇಡುವುದು, ಮತ್ತೆ ತೊಳೆಯುವುದು. ಕೊನೆಯ ದ್ರಾವಣ ಹಾಕಿದ ಮೇಲೆ ರೋಗದ ಗುರುತಿರುವ ಗುಳಿ ಹಳದಿಯಾಗಬೇಕು. ಕಿಟ್ಟಿನಲ್ಲೇ ಬಂದ ಪಾಸಿಟಿವ್ ಮಾದರಿ ಗಾಢ ಹಳದಿಯಾಯಿತು. ನಮ್ಮ ಮಾದರಿಗಳು ಹೆಚ್ಚುಕಡಿಮೆ ಎಲ್ಲವೂ ಬಿಳಿಚಿಕೊಂಡು ಕೂತವು. ಆ ಹೆಂಗಸಿನದೂ.

ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಜ್ವರ ಬಂದ ಮೊದಲ ದಿನಗಳಲ್ಲಿ ರಕ್ತದಲ್ಲಿ ರೋಗಾಣು ಇರುತ್ತದೆ, ಅದನ್ನು ಪಿಸಿಆರ್ ಹಿಡಿಯುತ್ತದೆ. ನಮ್ಮ ಎಲೈಸಾ ಹಿಡಿಯುವುದು ದೇಹ ಆ ರೋಗಾಣುವಿಗೆ ಪ್ರತಿಯಾಗಿ ತಯಾರಿಸುವ ಪ್ರತಿಕಾಯಗಳನ್ನು. ಅವು ಹುಟ್ಟಲು ಸುಮಾರು ವಾರ ಬೇಕು. ಯೋಜನೆಯ ನಿಯಮದ ಪ್ರಕಾರ ನಾವು ತೆಗೆಯುತ್ತಿದ್ದುದು ಜ್ವರದ ಮೊದಲ ದಿನಗಳ ರಕ್ತ ಮಾತ್ರ. ಅಂದರೆ ಅದು ದಿಲ್ಲಿಯ ಯಂತ್ರಕ್ಕಷ್ಟೇ ಉಪಯೋಗವಾಗುವ ರಕ್ತ. ಇಷ್ಟು ತಿಂಗಳು ಫ್ರೀಜರಿನಲ್ಲಿ ಜೋಪಾನ ಮಾಡಿದ ಆ ರಕ್ತದಿಂದ ನನ್ನ ಊರಿನ ಒಂದು ಪ್ರಶ್ನೆಗೂ ನಾನು ಉತ್ತರ ಪಡೆಯುವಂತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಜ್ವರ ಬಂದು ಹೋದವರ ಬಳಿ ಹೋಗಿ ಮತ್ತೆ ರಕ್ತ ಕೇಳಬೇಕು. ಯೋಜನೆಯ ಹೆಸರಿನಲ್ಲಲ್ಲ, ನಮ್ಮ ಕಾಲೇಜಿನ ಲ್ಯಾಬಿನ ಹೆಸರಿನಲ್ಲಿ. ಹರಿಹರದ ಫಿಜಿಷಿಯನ್ ತಾವೂ ಬರುತ್ತೇನೆಂದರು. ಮಾರನೆಯ ಬೆಳಿಗ್ಗೆ ಸಾರಥಿಗೆ ಹೋದೆವು.

ಸಾವಾದ ಮನೆ. ಬಾಗಿಲ ಮುಂದೆ ಕೂತಿದ್ದ ನಾದಿನಿ ನಮ್ಮನ್ನು ನೋಡಿ ಎದ್ದಳು, ಒಳಗೆ ಕರೆಯಲಿಲ್ಲ. ಅತ್ತಿಗೆಯನ್ನು ಹರಿಹರಕ್ಕೆ ಕರೆತಂದ ಎರಡೇ ದಿನಕ್ಕೆ ಆಕೆಗೂ ಜ್ವರ ಬಂದು, ಯೋಜನೆಗೆ ರಕ್ತ ಕೊಟ್ಟು, ಫಿಜಿಷಿಯನ್ ಕೊಟ್ಟ ಮಾತ್ರೆಯಿಂದ ಚೇತರಿಸಿಕೊಂಡಿದ್ದಳು. ಮುಖ ಇನ್ನೂ ಇಳಿದಿತ್ತು. ಸುತ್ತ ಕಳೆ ತೆಗೆಯುವ ಗುಂಪಿನ ಹೆಂಗಸರು ಸೇರಿದರು. ನಾನು ಬಂದ ಕಾರಣ ಹೇಳಿದೆ.

"ಮತ್ತ ರಕ್ತ ಏನ್ರಿ?" ಎಂದಳು. "ಒಂದ್ಸಲ ಕೊಟ್ಟಿದ್ದು ಎತ್ಲಾಗ ಹೋತ್ರಿ?"

"ದಿಲ್ಲಿಗೆ."

"ದಿಲ್ಲಿಯವ್ರಿಗೆ ಜ್ವರ ಬಂದೈತೇನ್ರಿ?"

ಯಾರೂ ನಗಲಿಲ್ಲ. ಫಿಜಿಷಿಯನ್ ಏನೋ ಹೇಳಲು ಹೋದರು, ನಾನು ತಡೆದೆ. ಮುಚ್ಚಿಡಲು ಇಷ್ಟವಿರಲಿಲ್ಲ. ದಿಲ್ಲಿಯಲ್ಲಿ ಇಲಿಜ್ವರ ಅಂತ ಗೊತ್ತಾಗಿದೆ, ನಮಗೆ ಕಾಗದ ಕೊಡುತ್ತಿಲ್ಲ, ಅದಕ್ಕೇ ನಮ್ಮ ಕೈಯಿಂದಲೇ ಪರೀಕ್ಷೆ ಮಾಡಬೇಕಾಗಿದೆ ಎಂದೆ. ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಳು.

"ನನಗ ಏನ್ ಬಂದಿತ್ತಂತ ನನಗ ಹೇಳ್ತೀರಿ ಹೌದಲ್ರಿ? ಕಾಗದ ಕಳಿಸೋದು ಬ್ಯಾಡ. ಬಾಯಿಲೆ ಹೇಳ್ಬೇಕು, ಇಲ್ಲೇ ಬಂದು."

"ನಾಳೆ ಸಂಜೆಯೊಳಗೆ ಬರ್ತೀನಿ."

ಆಕೆ ಬಾಗಿಲ ಮೆಟ್ಟಿಲ ಮೇಲೆ ಕೂತು ತೋಳು ಕೊಟ್ಟಳು. ಆಕೆ ಕೊಟ್ಟ ಮೇಲೆ ಉಳಿದವರೂ ಬಂದು ಕೂತರು.

ಈ ಸಲ ಪ್ಲೇಟು ಬೇರೆಯೇ ಮಾತಾಡಿತು. ಕೊನೆಯ ದ್ರಾವಣ ಬಿದ್ದದ್ದೇ ತಡ ಒಂದರ ಹಿಂದೆ ಒಂದು ಗುಳಿ ಹಳದಿಗೆ ತಿರುಗಿತು. "ಬಿಲ್ಕುಲ್ ಹಳದಿ ಆಗೈತಲ್ರಿ ಮೇಡಂ," ಎಂದು ಟೆಕ್ನಿಷಿಯನ್ ಪಿಸುಗುಟ್ಟಿದ. ಸಂಶೋಧನೆಯ ಫಲ ಕಂಡಾಗ ಆಗುವ ಖುಷಿಯನ್ನು ನಾನು ಬಲ್ಲೆ. ಅವತ್ತು ಅದರ ಲವಲೇಶವೂ ಹುಟ್ಟಲಿಲ್ಲ. ಯಾರಿಗೋ ಆಗಲೇ ಗೊತ್ತಿದ್ದದ್ದನ್ನು ನಾವು ಮತ್ತೆ ಅಗೆದು ತೆಗೆದಿದ್ದೆವು. ಇನ್ನೊಮ್ಮೆ ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡು, ವರದಿಗೆ ಸಹಿ ಹಾಕಿ ಸರ್ವೇಕ್ಷಣಾಧಿಕಾರಿಯ ಮೇಜಿನ ಮೇಲಿಟ್ಟೆ. ಅಲ್ಲಿಂದ ನೇರ ಸಾರಥಿಗೆ ಹೋಗಿ, ಪ್ರತಿಯೊಬ್ಬರಿಗೂ ಅವರವರ ಫಲಿತಾಂಶ ಬಾಯಲ್ಲಿ ಹೇಳಿದೆ.

ಅಧಿಕಾರಿ ಮಾತು ಉಳಿಸಿಕೊಂಡರು. ಅದೇ ಸಂಜೆ ಆಶಾ ಕಾರ್ಯಕರ್ತೆಯರಿಗೆ ಸೂಚನೆ ಹೋಯಿತು. ಡಾಕ್ಸಿಸೈಕ್ಲಿನ್ ಊರು ತಲುಪಿತು. ಜ್ವರ ಬಂದ ಗದ್ದೆ ಕೆಲಸದವರು ಡೆಂಗಿ ವರದಿಗೆ ಕಾಯದೆ ಮೊದಲು ಮಾತ್ರೆ ಶುರುಮಾಡಬೇಕು, ಕಾಲಲ್ಲಿ ಗಾಯವಿದ್ದವರು ನೀರಿಗಿಳಿಯಬಾರದು ಎಂದು ಪಂಚಾಯಿತಿ ಗಾಡಿಯ ಮೈಕಿನಲ್ಲಿ ಸಾರಿದರು. ದಾವಣಗೆರೆ ಬಳಿಯ ಹದಡಿಯ ಕಡೆಯಿಂದಲೂ ಇಂಥದ್ದೇ ರೋಗಿಗಳು ಬಂದರು. ಬೇಗ ಬಂದರು, ಬದುಕಿದರು. ಸಾರಥಿಯಲ್ಲಿ ಆ ಹಂಗಾಮಿಗೆ ಮತ್ತೊಂದು ಸಾವು ಆಗಲಿಲ್ಲ. ಮಾತ್ರೆ, ಮೈಕು, ಒಂದು ವರದಿ. ಇಷ್ಟಕ್ಕೆ ಬೇಕಾಗಿದ್ದ ಮಾಹಿತಿ ಅಷ್ಟು ದಿನ ದಿಲ್ಲಿಯ ಕಂಪ್ಯೂಟರಿನಲ್ಲಿ ನಿಯತಕಾಲಿಕೆಯ ಒಪ್ಪಿಗೆಗೆ ಕಾಯುತ್ತಿತ್ತು.

ಸುದ್ದಿ ಪತ್ರಿಕೆಯಲ್ಲಿ ಬಂತು. ದಿಲ್ಲಿಯಿಂದ ಇಷ್ಟು ವಾರ ಬಾರದ ಮೇಲ್ ಆ ದಿನ ಮಧ್ಯಾಹ್ನದೊಳಗೆ ಬಂತು. ಸೈಟ್ ನಾಲ್ಕು ಕಾರ್ಯವಿಧಾನ ಉಲ್ಲಂಘಿಸಿದೆ, ಕಾಯ್ದಿಟ್ಟ ಮಾದರಿಗಳನ್ನು ಅನುಮತಿಯಿಲ್ಲದೆ ಬಳಸಿದೆ, ತನಿಖೆ ಮುಗಿಯುವವರೆಗೆ ಅಮಾನತು. ಉಳಿದ ಮಾದರಿಗಳನ್ನೆಲ್ಲ ತಕ್ಷಣ ದಿಲ್ಲಿಗೆ ರವಾನಿಸತಕ್ಕದ್ದು.

ಪ್ರಾಂಶುಪಾಲರು ಕರೆಸಿದರು. "ಏನ್ರಿ ಡಾಕ್ಟ್ರೇ ಇದು? ಇಂಟರ್‌ನ್ಯಾಷನಲ್ ಪಾರ್ಟ್ನರ್‌ಶಿಪ್ ಅಂತ ಕಾಲೇಜಿನ ಬಾಗಿಲಿಗೆ ಬೋರ್ಡ್ ಹಾಕ್ಸೀನಿ ನಾನು. ಒಂದ್ ಮಾತು ಕೇಳ್ಬಾರ್ದೇನ್ರಿ?"

"ಕೇಳಿದ್ರೆ ಬೇಡ ಅಂತಿದ್ರಿ ಸರ್."

"ಅಂತಿದ್ದೆ ಬಿಡ್ರಿ." ಅವರು ದಿಲ್ಲಿಯ ಮೇಲಿನ ಪ್ರತಿಯನ್ನು ನನ್ನ ಕಡೆ ತಳ್ಳಿದರು. "ಆ ಮಾದರಿ ಕಳಿಸಿಬಿಡ್ರಿ, ಮುಗೀಲಿ."

"ಒಬ್ಬೊಬ್ಬ ರೋಗಿಯ ಫಲಿತಾಂಶ ಬರದೇ ನಾನು ಒಂದು ಟ್ಯೂಬೂ ಕಳಿಸಲ್ಲ ಸರ್. ಬೇರೆಯವರ ಕೈಲಿ ಕಳಿಸಿ. ಆಗ ನಾನೂ ಪತ್ರಿಕೆಯವರಿಗೆ ಎಲ್ಲಾನೂ ಹೇಳ್ತೀನಿ."

ಅವರಿಗೆ ಕೋಪ ಬಂತು. ದನಿ ಏರಿಸಿದರು, ನಾನೂ ಏರಿಸಿದೆ. ಹೊರಗೆ ಕೂತಿದ್ದ ಗುಮಾಸ್ತರಿಗೆಲ್ಲ ಕೇಳಿಸಿರಬೇಕು. ಕೊನೆಗೆ ಅವರು ನನ್ನ ಪರವಾಗಿಯೂ ನಿಲ್ಲಲಿಲ್ಲ, ರವಾನೆಯ ಆದೇಶಕ್ಕೆ ಸಹಿಯನ್ನೂ ಹಾಕಲಿಲ್ಲ. ಅದಕ್ಕಿಂತ ಹೆಚ್ಚನ್ನು ನಾನು ನಿರೀಕ್ಷಿಸಿಯೂ ಇರಲಿಲ್ಲ.

ಕೆಲವು ತಿಂಗಳು ಹಾಗೇ ಕಳೆದವು. ಅಷ್ಟರಲ್ಲಿ ಜಿಲ್ಲಾ ಆರೋಗ್ಯ ಇಲಾಖೆ ಇಲಿಜ್ವರದ ಪರೀಕ್ಷೆಯನ್ನು ವರ್ಷವಿಡೀ ನಮ್ಮ ಲ್ಯಾಬಿನಲ್ಲೇ ಮಾಡಿಸಲು ಒಪ್ಪಿತು. ಅಮಾನತಿನಿಂದ ನಮಗೆ ಏನೂ ನಷ್ಟವಾಗಲಿಲ್ಲ. ನಷ್ಟವಾದದ್ದು ಅವರಿಗೆ. ಅವರ ಪ್ರಬಂಧವನ್ನು ಪರಿಶೀಲಿಸಿದವರು ಇನ್ನಷ್ಟು ಪರೀಕ್ಷೆ ಕೇಳಿದ್ದರು. ಅದಕ್ಕೆ ನಮ್ಮ ಫ್ರೀಜರಿನಲ್ಲಿದ್ದ ಪಾಲು ಬೇಕಿತ್ತು. ಹೊಸ ಉದ್ದೇಶಕ್ಕೆ ಬಳಸಲು ರಕ್ತ ಕೊಟ್ಟವರ, ಸತ್ತವರಾದರೆ ಮನೆಯವರ, ಒಪ್ಪಿಗೆಯನ್ನು ಮತ್ತೆ ಪಡೆಯಬೇಕೆಂದು ನೈತಿಕ ಸಮಿತಿ ಹೇಳಿತ್ತು. ಸಂಯೋಜಕರು ಈಗ ನನ್ನನ್ನು ಹೆಸರು ಹಿಡಿದು ಕರೆದರು. ನಾನು ಒಂದೇ ಷರತ್ತು ಹಾಕಿದೆ. ಒಪ್ಪಿಗೆ ಕೇಳುವುದಾದರೆ ನೀವೇ ಸಾರಥಿಗೆ ಬಂದು ಕೇಳಿ.

ಬಂದರು. ವಿದೇಶದ ಪ್ರಾಧ್ಯಾಪಕರೂ ಬಂದರು. ಪ್ರಾಂಶುಪಾಲರು ಬೆಳಿಗ್ಗೆ ಅವರಿಗೆ ಬೆಣ್ಣೆದೋಸೆ ತಿನ್ನಿಸಿದರು, ಅವರಿಗೆ ತುಂಬಾ ಇಷ್ಟವಾಯಿತು, ಫೋಟೋ ತೆಗೆದುಕೊಂಡರು. ಸಾರಥಿಯ ಶಾಲೆಯ ಸಭಾಂಗಣದಲ್ಲಿ ಜಮಖಾನೆ ಹಾಸಿದ್ದರು. ಹೆಂಗಸರು, ಗಂಡಸರು ಸೇರಿ ಸಭಾಂಗಣ ತುಂಬಿತ್ತು. ಸತ್ತ ಹೆಂಗಸಿನ ಗಂಡ ಗೋಡೆಗೊರಗಿ ಕೂತಿದ್ದ. ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿ ಮಾತಾಡಿದರು, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಈ ಊರಿನವರು ಇಡೀ ಜಗತ್ತಿನ ಸುರಕ್ಷತೆಗೆ ದೊಡ್ಡ ಕೊಡುಗೆ ಕೊಟ್ಟಿದ್ದಾರೆ ಎಂದರು. ಅದನ್ನೂ ಹೇಳಿದೆ.

ನಾದಿನಿ ಕೂತಲ್ಲಿಂದಲೇ ಕೈ ಎತ್ತಿದಳು.

"ಅವ್ರನ್ನ ಒಂದ್ ಕೇಳ್ರಿ ಮೇಡಂ. ನಮ್ಮೂರಾಗ ಇಲಿಜ್ವರ ಐತಂತ ಅವ್ರಿಗೆ ಯಾವಾಗ ಗೊತ್ತಾತು?"

ನಾನು ಕೇಳಿದೆ. ಸಂಯೋಜಕರು ತಕ್ಷಣ ಉತ್ತರಿಸಿದರು. ವೈಜ್ಞಾನಿಕ ಫಲಿತಾಂಶವನ್ನು ಹಲವು ಹಂತಗಳಲ್ಲಿ ದೃಢಪಡಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ ಎಂದು ಹೇಳಿ ಎಂದರು. ಹಾಗೆಯೇ ಹೇಳಿದೆ.

"ಅದಲ್ರಿ ನಾ ಕೇಳಿದ್ದು. ನಮ್ಮತ್ತಿಗಿಗೆ ಜ್ವರ ಬರೋಕಿಂತ ಮೊದ್ಲೋ, ಆಮೇಲೋ?"

ಸಂಯೋಜಕರು ನನ್ನ ಕಡೆ ಬಾಗಿ, ಇದನ್ನು ಅನುವಾದಿಸುವುದು ಬೇಡ ಎಂದು ಮೆಲ್ಲಗೆ ಹೇಳಿದರು. ನಾನು ಎದ್ದು ನಿಂತು, ಪ್ರಾಧ್ಯಾಪಕರ ಕಡೆ ತಿರುಗಿ, ಪ್ರಶ್ನೆಯನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅವರ ಮುಖ ಕೆಂಪೇರಿತು. ಸಂಯೋಜಕರನ್ನು ನೋಡಿದರು, ಆಮೇಲೆ ಗೋಡೆಗೊರಗಿದ್ದ ಗಂಡನನ್ನು ನೋಡಿದರು. ಸುಳ್ಳು ಹೇಳಲಿಲ್ಲ. ಅಷ್ಟು ಮಟ್ಟಿಗೆ ಆ ಮನುಷ್ಯನನ್ನು ಗೌರವಿಸುತ್ತೇನೆ. ಹರಿಹರದಿಂದ ಬಂದ ಮೊದಲ ಪೆಟ್ಟಿಗೆಗಳಲ್ಲೇ ಕಂಡಿತ್ತು ಎಂದರು. ಆಕೆಗೆ ಜ್ವರ ಬರುವುದಕ್ಕಿಂತ ಮೊದಲು ಎಂದರು.

"ಮೊದ್ಲೇ ಅಂತೆ," ಎಂದೆ.

ಗಂಡ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ನಾದಿನಿ ಎದ್ದಳು, ಸೆರಗು ಸರಿಮಾಡಿಕೊಂಡಳು, ಅತಿಥಿಗಳ ಕಡೆ ನೋಡಿ ಕೈ ಮುಗಿದಳು.

"ಆತ್ರಿ. ಹೋಗಿ ಬರ್ರಿ."

ಅಷ್ಟು ಹೇಳಿ ಹೊರಗೆ ಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಒಪ್ಪಿಗೆಯ ಹಾಳೆಗಳನ್ನು ಹಿಡಿದು ನಿಂತಿದ್ದ ಸಂಯೋಜಕರ ಬಳಿಗೆ ಯಾರೂ ಹೋಗಲಿಲ್ಲ.

ನಮ್ಮ ಮೂವರ ಕಾರು ಊರು ದಾಟಿ ಹರಿಹರದ ರಸ್ತೆಗೆ ಬಂತು. ಸಂಯೋಜಕರು ಕಿಟಕಿಯಿಂದಾಚೆ ಗದ್ದೆಗಳನ್ನು ನೋಡುತ್ತಿದ್ದರು. ಪ್ರಾಧ್ಯಾಪಕರು ಹಿಂದಿನ ಸೀಟಿನಿಂದ ಕೇಳಿದರು, ಆಕೆ ಕೊನೆಯಲ್ಲಿ ಏನು ಹೇಳಿದರು? ಕೈ ಮುಗಿದರಲ್ಲ, ಮತ್ತೆ ಬನ್ನಿ ಎಂದರೇ?

"ಹೋಗಿ ಎಂದರು," ಎಂದೆ. "ನಾವು ಹೋಗುವವರಿಗೆ ಬನ್ನಿ ಎಂದೂ ಸೇರಿಸುತ್ತೇವೆ. ಅದು ಬರೀ ಮಾತಿನ ರೂಢಿ."